ಎರಡೂ ಎಡಗಾಲಿನವು

ಮೊದಲು ಕಾಲು ನೋಡುತ್ತೇನೆ, ಅದು ನನ್ನ ಚಾಳಿ.
ಅಥಣಿಯ ಓಣಿಯಲ್ಲಿ ತೊಗಲಿನ ವಾಸನೆಗೆ ಹುಟ್ಟಿದವನಿಗೆ
ಮುಖ ಆಮೇಲೆ.

ಬೆಳಗಾವಿಯ ಪ್ರದರ್ಶನದಲ್ಲಿ ಮಳಿಗೆ ಹಾಕಿ
ಮೂರು ದಿನಕ್ಕೆ ನಲವತ್ತೊಂದು ಜೋಡು ಮಾರಿ
ನಾಲ್ಕನೆಯ ದಿನ, ಬಸ್ಸಿಗಿನ್ನೂ ಹೊತ್ತಿದೆಯೆಂದು
ಊರು ನೋಡಲು ಹೊರಟೆ, ಥೇಟ್ ಪ್ರವಾಸಿ,
ಬಗಲಲ್ಲಿ ನೀರಿನ ಬಾಟಲಿ.

ಕೋಟೆಯ ಬಸದಿಯಲ್ಲಿ ಚಪ್ಪಲಿ ಹೊರಗೆ.
ಮಾಡಿನಿಂದ ಕೆಳಮುಖವಾಗಿ ಅರಳಿದ ಕಲ್ಲಿನ ಕಮಲ
ನೋಡಿ ನೋಡಿ ಕತ್ತು ಹಿಡಿಯಿತು.
ಬಂದು ನೋಡಿದರೆ ಯಾರದೋ ಬೂಟು
ನನ್ನ ಜೋಡಿನ ಮೇಲೆ ಹತ್ತಿ ಕೂತಿದೆ.
ಹೊಲಿಗೆ ನೋಡಿದೆ. ಮಷೀನಿನದು.
ಮೆಲ್ಲಗೆ ಸರಿಸಿದೆ.

ಕ್ಯಾಂಪಿನ ಚರ್ಚಿನ ಮೆಟ್ಟಿಲಲ್ಲೂ ಬಿಟ್ಟೆ, ರೂಢಿ.
ಕಾವಲಿನ ಆಮೋಸಪ್ಪ ಕೈಯಾಡಿಸಿದ:
‘ಹಾಕ್ಕೊಂಡ ಬರ್ರಿ, ಇಲ್ಲಿ ನಡೀತೈತಿ.’
ನಡೆಯುತ್ತದೆ ಎಂದರೂ ನಡೆಯಲೊಲ್ಲವು ನನ್ನ ಕಾಲು.
ಬರಿಗಾಲಲ್ಲೇ ಹೊಕ್ಕೆ.

ಬಣ್ಣದ ಗಾಜು ದಾಟಿ ಬಂದ ಬಿಸಿಲು
ಹಾಸುಗಲ್ಲಿನ ಮೇಲೆ ಕೆಂಪಾಗಿ, ಹಳದಿಯಾಗಿ ಬಿದ್ದಿತ್ತು.
ಕೈ ಚಾಚಿದೆ.
ಜಾಲಿತೊಗಟೆಯ ಕಂದು ಕೂತ ಉಗುರುಸಂದಿಗೆ
ಒಂದು ಚೂರು ನೀಲಿ.

ಒಳಗೋಡೆಯ ಮೇಲೆ ಆಳೆತ್ತರದ ಚಿತ್ರ:
ಸೊಂಟಕ್ಕೆ ವಸ್ತ್ರ ಸುತ್ತಿ, ಮೊಣಕಾಲೂರಿ
ಯೇಸು ಒಬ್ಬ ಶಿಷ್ಯನ ಕಾಲು ತೊಳೆಯುತ್ತಿದ್ದಾನೆ.
ಉಳಿದವರು ಮುಖ ಮುಖ ನೋಡುತ್ತಿದ್ದಾರೆ.
ನಾನು ನೋಡಿದ್ದು ಬೋಗುಣಿಯ ಬದಿಗೆ ಬಿಟ್ಟ ಜೋಡು.
ಉಂಗುಟವಿಲ್ಲ, ಕಿವಿಯಿಲ್ಲ, ಬರೀ ಬಾರು.
ಇರಲಿ, ಅವರ ದೇಶದ ಪದ್ಧತಿ.
ಆದರೆ ಹೆಬ್ಬೆರಳು ಒತ್ತಿದ ಗುರುತು
ಎರಡರಲ್ಲೂ ಒಂದೇ ಬದಿಗೆ!

‘ನಗಬ್ಯಾಡ್ರಿ, ದೇವರ ಚಿತ್ರ.’
‘ದೇವರಿಗಲ್ರೀ, ಜೋಡಿಗೆ ನಕ್ಕೆ.
ಎರಡೂ ಎಡಗಾಲಿನವು.’
ಆಮೋಸಪ್ಪ ಚಸ್ಮಾ ಏರಿಸಿ ಬಾಗಿದ.
ತನ್ನ ಕಾಲು ನೋಡಿಕೊಂಡ, ಮತ್ತೆ ಚಿತ್ರ.
‘ಇಪ್ಪತ್ತಾರು ವರ್ಷ ಧೂಳಾ ಒರಿಸೀನಿ...’
ಎಷ್ಟೋ ಹೊತ್ತಿನ ಮೇಲೆ,
‘ಪಾಪ, ಅಂವ ಹೊಳ್ಳಿ ಮನಿಗೆ ಹ್ಯಾಂಗ ಹ್ವಾದಾ?’

ಅವನು ಗೇಟಿನ ಕಡೆ ಹೋದ.
ನಾನು ಬೆಂಚಿನ ಮೇಲೆ ಕೂತೆ.
ಕೂತಲ್ಲಿ ಐಹೊಳೆ ನೆನಪಾಯಿತು.

ಅಲ್ಲಿ ದೇವರಿಗೆಲ್ಲ ನಂಬರು.
ಚಪ್ಪಲಿ ಮೆಟ್ಟಿಕೊಂಡೇ ಹತ್ತಿರ ಹೋಗಬಹುದು.
ಮೂಲೆಯ ಪೀಠದ ಮೇಲೆ ಪಾದ ಎರಡೇ,
ಮೇಲಿನ ದೇವರು ಒಡೆದು ಎಲ್ಲಿ ಹೋದನೋ.
ಕಣ್ಣಲ್ಲೇ ಅಳೆದೆ: ಏಳಂಗುಲ, ಅಗಲ ಮುಂಗಾಲು.
ಇಂಥ ಕಾಲಿಗೆ ಅಟ್ಟಿ ದಪ್ಪ ಬೇಕು.
ಪಕ್ಕದಲ್ಲಿ ಬೋರ್ಡು: ಮುಟ್ಟಬೇಡಿ.

ನಮ್ಮಜ್ಜ ಸಟವಾಜಿ
ಪೂಜಾರಿಯ ಮನೆಗೆ ಜೋಡು ಮಾಡಿ ಕೊಡುತ್ತಿದ್ದ,
ಅಂಗಳದಾಚೆ ಇಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು.
ನೀರು ಚಿಮುಕಿಸಿ ಒಯ್ಯುತ್ತಿದ್ದರಂತೆ.
ಓದು ಬರುತ್ತಿರಲಿಲ್ಲ ಅವನಿಗೆ.
ಅವನಿಗೆ ಬೋರ್ಡೂ ಬೇಕಿರಲಿಲ್ಲ.

ಐಹೊಳೆಯಲ್ಲಿ ನನ್ನ ಮಗ್ಗುಲಿಗೆ ಬಂದು ನಿಂತರು
ರೇಷ್ಮೆ ಶಲ್ಯದ ಹಿರಿಯರೊಬ್ಬರು.
ಪಾದಕ್ಕೆ ಕೈ ಚಾಚಿದರು, ಬೋರ್ಡು ಕಂಡರು, ತಡೆದರು.
ನಾನೂ ಚಾಚಿದ್ದೆ, ನಾನೂ ತಡೆದೆ.
ಇಬ್ಬರ ಕೈಯೂ ಗಾಳಿಯಲ್ಲಿ ನಿಂತವು,
ಕಲ್ಲಿನಿಂದ ಸಮನಾಗಿ ಒಂದು ಗೇಣು ದೂರ.
ಅಳತೆಯಲ್ಲಿ ನಾನು ತಪ್ಪುವುದಿಲ್ಲ.
ಅವರು ನನ್ನ ನೋಡಿ ನಕ್ಕರು.
ನಗಬೇಕೋ ಬೇಡವೋ ತಿಳಿಯದೆ
ನಾನು ಅವರ ಕಾಲು ನೋಡಿದೆ.

ಚರ್ಚಿನ ಗಂಟೆ ಹನ್ನೆರಡು ಬಾರಿಸಿತು.
ನೀಲಿ ನನ್ನ ಬೆರಳು ಬಿಟ್ಟು
ಬೆಂಚಿನ ಕಾಲಿಗೆ ಹೋಗಿತ್ತು.

ಹೊರಗೆ ಬಂದರೆ ಮೆಟ್ಟಿಲ ಮೇಲೆ ಜೋಡಿಲ್ಲ.
ಎದೆ ಧಸಕ್ಕೆಂದಿತು.
‘ಬಿಸಿಲಿಗೆ ತೊಗಲು ಕೊರಡಾಗ್ತೈತ್ರೀ,’
ಆಮೋಸಪ್ಪ ಕಂಬದ ನೆರಳು ತೋರಿಸಿದ.
ಕೈಯಲ್ಲೇ ಎತ್ತಿ ತಂದು,
ಧೂಳು ಒರೆಸಿ, ಗೋಡೆಗೆ ಒರಗಿಸಿದ್ದ,

ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ಬಸ್ಸಿಗೆ ತಡವಾಗಿತ್ತು.
ಆದರೂ ಸರಿಮಾಡದೆ, ಮೆಟ್ಟದೆ,
ಹಾಗೇ ನೋಡುತ್ತ ನಿಂತೆ ಸ್ವಲ್ಪ ಹೊತ್ತು.